ನುಂಗಿದ ಹಕಾರ

ಶ್ರೀರಂಗಪಟ್ಟಣ
೧೧ ನವೆಂಬರ್ ೨೦೨೪

ಚೈತ್ರ,

ನಿನ್ನ ಪದ್ಯ ಬಂತು. ಅಂಚೆ ಕಚೇರಿಯ ಕೌಂಟರಿನಲ್ಲೇ ಕೂತಿರುವವಳು ಒಂದು ಲಕೋಟೆ ಕಳಿಸಲು ಕೊನೆಯ ದಿನದವರೆಗೆ ಕಾಯಬೇಕಿತ್ತೇ? ಮೇಡಂ ಫೋನಿನಲ್ಲಿ ಬೈಯುವ ಹಾಗಿಲ್ಲ ಎಂಬ ಧೈರ್ಯ ನಿನಗೆ. ನಿಜ, ನನ್ನ ಕಿವಿ ಈಗ ಪೂರ್ತಿ ಮುಷ್ಕರ ಹೂಡಿದೆ. ಮಗ ಅಭಯ್ ತಂದುಕೊಟ್ಟ ಯಂತ್ರ ಹಾಕಿಕೊಂಡರೆ ಫ್ಯಾನಿನ ಸದ್ದು ಕೇಳುತ್ತದೆ, ಮನುಷ್ಯರದ್ದು ಕೇಳುವುದಿಲ್ಲ. ಮೊಬೈಲಿನಲ್ಲಿ ಒಂದಕ್ಷರ ಒತ್ತಿದರೆ ಇನ್ನೊಂದು ಬೀಳುತ್ತದೆ. ಆದ್ದರಿಂದ ಕಾಗದ. ಕಾಲೇಜಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತ ಕರ್ಮಕ್ಕೆ ನೀನು ಇದನ್ನೆಲ್ಲ ಓದಲೇಬೇಕು.

ನುಡಿಹಬ್ಬ ಗೊತ್ತಾಗಿದೆ. ಸಂಕ್ರಾಂತಿ ಕಳೆದ ಭಾನುವಾರ, ಜನವರಿ ಹತ್ತೊಂಬತ್ತು, ಪಾಂಡವಪುರದ ಕಲ್ಯಾಣ ಮಂಟಪದಲ್ಲಿ. ನಾಲ್ಕು ತಾಲ್ಲೂಕಿನ ಬರೆಯುವವರೂ ಒಂದೇ ವೇದಿಕೆಯ ಮೇಲೆ ಎಂದು ನಮ್ಮ ಅಧ್ಯಕ್ಷರು ಮಹದೇವಸ್ವಾಮಿ ಎಲ್ಲೆಲ್ಲೂ ಹೇಳಿಕೊಂಡು ಬಂದಿದ್ದಾರೆ. ಒಂದೇ ವೇದಿಕೆ ಸರಿ, ಆಮಂತ್ರಣದಲ್ಲಿ ಯಾವ ತಾಲ್ಲೂಕಿನ ಹೆಸರು ಮೊದಲು ಎಂದು ಆಗಲೇ ಜಗಳ. ನಾಗಮಂಗಲದವರು ಮುಖ ಊದಿಸಿಕೊಂಡಿದ್ದಾರೆ. ಆಮಂತ್ರಣ ಮತ್ತು ಸ್ಮರಣ ಸಂಚಿಕೆ ಎರಡೂ ನನ್ನ ತಲೆಗೆ ಬಂದಿವೆ. ನಿದ್ದೆಯಿಲ್ಲ, ಆದರೂ ಖುಷಿಯಾಗಿದ್ದೇನೆ ಕಣೆ.

ಪದ್ಯ ಚೆನ್ನಾಗಿದೆ. ಎಲ್ಲರೂ ಅವ್ವನನ್ನು ದೇವತೆ ಮಾಡುತ್ತಾರೆ, ನೀನು ಸೊಂಟ ಮಾಡಿದ್ದೀಯ. "ಅವಳ ಸೊಂಟದ ಮೇಲೆ ಕೂತು ಬಗ್ಗಿ ನೋಡಿದೆ, ಬಾವಿಯೊಳಗೂ ಆಕಾಶವಿತ್ತು" ಎಂಬ ಸಾಲನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಶಾಮಣ್ಣನವರು ಯಾವ ಪದ್ಯಕ್ಕೂ ಪೇಪರಿನಿಂದ ತಲೆ ಎತ್ತುವವರಲ್ಲ, ಇದಕ್ಕೆ ಎತ್ತಿದರು. ಆದರೆ ಇಷ್ಟು ವರ್ಷವಾದರೂ ನೀನು ಹಕಾರ ನುಂಗುವುದನ್ನು ಬಿಟ್ಟಿಲ್ಲ. ನುಂಗಿದ ಕಡೆ ಕೂರಿಸಿದ್ದೇನೆ. ಹೊಸ ಸೀರೆ ಉಟ್ಟುಕೊಂಡು ಬಾ.

ನಿನ್ನ ಕೆಂಪು ಶಾಯಿಯ ಮೇಡಂ,
ಶಾರದ

---

ಕೃಷ್ಣರಾಜಪೇಟೆ
೧೪ ಡಿಸೆಂಬರ್ ೨೦೨೪

ಮೇಡಂ, ನಮಸ್ಕಾರ.

ಕೌಂಟರಿನ ಮುಂದೆ ಜನ ನಿಂತಿದ್ದಾರೆ, ನಿಲ್ಲಲಿ. ಆಮಂತ್ರಣ ಬಂತು. ಕವಿಗೋಷ್ಠಿಯಲ್ಲಿ ನನ್ನ ಹೆಸರಿನ ಮುಂದೆ "ಹೆತ್ತವ್ವನ ಸೊಂಟ" ಎಂದು ಅಚ್ಚಾಗಿದೆ. ನಾನು ಬರೆದದ್ದು "ಎತ್ತವ್ವನ ಸೊಂಟ". ಅಲ್ಲಿ ನಾನು ಯಾವ ಹಕಾರವನ್ನೂ ನುಂಗಿರಲಿಲ್ಲ ಮೇಡಂ! ನೀವು ತಿದ್ದಿದ್ದೇನೆ ಎಂದು ಬರೆದಾಗ ಯಾವುದೋ ಅಳ್ಳಿ, ಇಂಗೆ ಇರಬೇಕು ಎಂದು ನಕ್ಕು ಸುಮ್ಮನಾದೆ. ಆಗಲೇ ಕೇಳಬೇಕಿತ್ತು.

ನನ್ನನ್ನು ಹೆತ್ತವಳು ನಿಮ್ಮ ಪಟ್ಟಣದ ಪಕ್ಕದ ಕಿರಂಗೂರಿನ ಮಾದಮ್ಮ. ಬಾಣಂತನದಲ್ಲೇ ಹಾಸಿಗೆ ಹಿಡಿದಳಂತೆ. ಮಗು ಎತ್ತುವ ಶಕ್ತಿಯೂ ಇರಲಿಲ್ಲವಂತೆ. ಅವಳ ಅಕ್ಕ ಬೆಟ್ಟಮ್ಮ, ಮಕ್ಕಳಿಲ್ಲದವಳು, ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಈ ಕಡೆಗೆ ಬಂದಳು. ಆಮೇಲೆ ನಾನು ಇಲ್ಲಿಯವಳೇ ಆದೆ. ಕಿರಂಗೂರವ್ವ ಒಂದೇ ಒಂದು ಸಲ ಕರೆದುಕೊಂಡು ಹೋಗಲು ಬಂದಿದ್ದಳಂತೆ. ನಾನು ಹೋಗಲಿಲ್ಲ, ಅವಳು ಮತ್ತೆ ಬರಲಿಲ್ಲ. ಅಕ್ಕತಂಗಿಯರು ಇವತ್ತಿಗೂ ಮಾತಾಡುವುದಿಲ್ಲ. ಮದುವೆ ಮುಂಜಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ.

ನಮ್ಮ ಕಡೆಯ ಬಾಯಲ್ಲಿ ಹೆತ್ತವ್ವ ಎಂದರೂ ಎತ್ತವ್ವ ಎಂದೇ ಬರುತ್ತದೆ, ಅದು ನಿಮಗೆ ಗೊತ್ತು. ಚಿಕ್ಕವಳಿದ್ದಾಗ ಬೀದಿಯವರು "ನಿನ್ ಎತ್ತವ್ವ ಯಾರಮ್ಮಿ?" ಎಂದು ಕೆಣಕಿದರೆ ನಾನು ಬೆಟ್ಟಮ್ಮನ ಸೆರಗು ಹಿಡಿದು "ಇವ್ಳೇ, ದಿನಾ ಎತ್ಕೊತಾಳೆ" ಅನ್ನುತ್ತಿದ್ದೆನಂತೆ. ಅವತ್ತಿನಿಂದ ಅವಳು ನನ್ನ ಎತ್ತವ್ವ. ಸಾಕವ್ವ ಅನ್ನುವುದಿಲ್ಲವೇ, ಹಾಗೆ ಎತ್ತವ್ವ. ಎತ್ತಿಕೊಂಡ ಅವ್ವ. ಈ ಪದ ನಮ್ಮಿಬ್ಬರದ್ದು ಮಾತ್ರ. ನಾಲ್ಕು ತಾಲ್ಲೂಕಿನವರ ಎದುರಿಗೆ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಇದನ್ನು ಓದಬೇಕು ಎಂದು ಬರೆದ ಪದ್ಯ ಅದು.

ಪಕ್ಕದ ಮನೆಯ ಸಹನ ಆಮಂತ್ರಣ ಓದಿ ಹೇಳಿದಳು. ಎತ್ತವ್ವನಿಗೆ ತನ್ನ ಹೆಸರೇ ಕೇಳಿಸಿ ಮುಖ ಅರಳಿತು, ಅದು ನಾನೇ ಅಂದಳು. ಆ ಹುಡುಗಿ ಅಷ್ಟಕ್ಕೆ ಬಿಡಬಾರದೇ? "ಎತ್ತೋಳಲ್ಲ ಕಣಜ್ಜಿ, ಹೆತ್ತವ್ವ ಅಂತೈತೆ. ಹೊಟ್ಟೇಲಿ ಮಡಿಕ್ಕೊಂಡಿದ್ದೋಳು" ಎಂದು ಬಿಡಿಸಿ ಹೇಳಿದಳು. ಎತ್ತವ್ವ ಆಮಂತ್ರಣವನ್ನು ಮಡಿಚಿ ಪಕ್ಕಕ್ಕಿಟ್ಟು, "ಓದ್ದೋರು ಬರ್ದವ್ರೆ, ಸರಿಯಾಗೇ ಇರ್ತದೆ ಬುಡು. ಎತ್ತೋಳು ಎತ್ತೋಳೇ" ಅಂದಳು. ಯಾವ ಅರ್ಥದಲ್ಲಿ ಅಂದಳೋ ನನಗೆ ತಿಳಿಯಲಿಲ್ಲ. ಸಂಜೆ ನನ್ನ ಮಗಳು ಅಕ್ಷಿತಾ ಎರಡೂ ಕೈ ಚಾಚಿದರೆ ಎತ್ತಿಕೊಳ್ಳಲಿಲ್ಲ. "ಸೊಂಟ ನೋವು" ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಯಾವತ್ತೂ ಕೇಳಿದ್ದಿಲ್ಲ ಮೇಡಂ.

ತಿದ್ದಿ. ಹೇಗಾದರೂ ಮಾಡಿ ತಿದ್ದಿ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಚೈತ್ರ

---

ಶ್ರೀರಂಗಪಟ್ಟಣ
೧೯ ಡಿಸೆಂಬರ್ ೨೦೨೪

ಚೈತ್ರ,

ಮೊದಲು ಜಗಳ ಮುಗಿಸುತ್ತೇನೆ. ಎತ್ತವ್ವ ಎಂಬ ಪದ ಯಾವ ನಿಘಂಟಿನಲ್ಲೂ ಇಲ್ಲ. ನಿಮ್ಮಿಬ್ಬರದ್ದೇ ಪದವಾದರೆ ಮೂರನೆಯವಳಿಗೆ ತಿಳಿಯುವುದು ಹೇಗೆ? ಪದ್ಯದ ಕೆಳಗೆ ಒಂದು ಸಾಲು ಟಿಪ್ಪಣಿ ಹಾಕಿದ್ದರೆ ನಿನ್ನ ಕೈ ಸವೆದುಹೋಗುತ್ತಿತ್ತೇ? ಮೂರು ವರ್ಷ ನಿನ್ನ ಉತ್ತರ ಪತ್ರಿಕೆಗಳಲ್ಲಿ ಆಲು, ಊವು, ಅಬ್ಬ ತಿದ್ದಿ ತಿದ್ದಿ ನನ್ನ ಕಣ್ಣಿಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಇಷ್ಟು ಬರೆದು ಎದ್ದು ಹೋಗಿ ಕಾಫಿ ಕುಡಿದು ಬಂದೆ. ಜಗಳ ಮುಂದುವರಿಸಲು ಮನಸ್ಸಿಲ್ಲ. ತಪ್ಪು ನನ್ನದು. ಕಿವಿ ಇದ್ದಿದ್ದರೆ ಫೋನು ಮಾಡಿ "ಏನೇ ಇದು?" ಎಂದು ಕೇಳುತ್ತಿದ್ದೆ, ನೀನು ನಗುತ್ತ ಹೇಳುತ್ತಿದ್ದೆ. ಕಿವಿ ಹೋದಮೇಲೆ ಅಕ್ಷರವನ್ನು ಮಾತ್ರ ನಂಬುತ್ತಿದ್ದೇನೆ, ಅದೇ ನನ್ನನ್ನು ಹೀಗೆ ಬೀಳಿಸಿತು.

ಸಂಚಿಕೆ ಇನ್ನೂ ಪ್ರೆಸ್ಸಿನಲ್ಲಿದೆ, ಅಲ್ಲಿ ಸರಿಮಾಡಿಸುತ್ತೇನೆ. ಆಮಂತ್ರಣಕ್ಕೆ ತಿದ್ದುಪಡಿಯ ಚೀಟಿ ಹೊಡೆಸಿ ಅವತ್ತು ಬಾಗಿಲಲ್ಲೇ ಹಂಚಿಸುತ್ತೇನೆ. ಮಹದೇವಸ್ವಾಮಿಯವರಿಂದ ಮೈಕಿನಲ್ಲಿ ಹೇಳಿಸುತ್ತೇನೆ.

ಒಂದು ಮಾತು. ಅರ್ಥ ಗೊತ್ತಾದ ಮೇಲೆ ಮತ್ತೆ ಓದಿದರೆ ಇದು ಬೇರೆಯೇ ಪದ್ಯ. ಕೊನೆಯ ಸಾಲು, "ಎತ್ತದವಳಿಗೆ ಅವ್ವನೆಂಬ ಹೆಸರೇಕೆ?" ಅದು ಮೊದಲ ಸಲ ನನಗೆ ಬರೀ ಸಾಲಾಗಿತ್ತು, ಈಗ ಕಪಾಳಕ್ಕೆ ಹೊಡೆದ ಹಾಗಿದೆ. ಒಬ್ಬಳನ್ನು ಎತ್ತಿಕೊಳ್ಳುವ ಭರದಲ್ಲಿ ಇನ್ನೊಬ್ಬಳನ್ನು ನೆಲಕ್ಕೆ ಇಳಿಸಿದ್ದೀಯ. ಕಿರಂಗೂರಿನವರು ಯಾಕೆ ಮತ್ತೆ ಬರಲಿಲ್ಲ ಎಂದು ನಿನಗೆ ಗೊತ್ತೇ?

ಶಾರದ

---

ಕೃಷ್ಣರಾಜಪೇಟೆ
೨೮ ಡಿಸೆಂಬರ್ ೨೦೨೪

ಮೇಡಂ,

ಚೀಟಿ ಹೊಡೆಸಬೇಡಿ. ಹೊಡೆಸಿದ್ದರೆ ಹಂಚಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಕೌಂಟರಿಗೇ ಬಂದು ನಿಂತಿತು.

ಮೊನ್ನೆ ಮಧ್ಯಾಹ್ನ ತಿಮ್ಮರಾಜು ಬಂದಿದ್ದ. ನನ್ನ ಒಡಹುಟ್ಟಿದ ಅಣ್ಣ, ಕಾರ್ಖಾನೆಗೆ ಕಬ್ಬಿನ ಟ್ರಾಕ್ಟರು ಹೊಡೆಯುತ್ತಾನೆ. ಆಧಾರ್ ಕಾರ್ಡಿಗೆ ಮೊಬೈಲ್ ನಂಬರು ಸೇರಿಸಬೇಕು ಅಂದ. ಪಟ್ಟಣದಲ್ಲಿ ಅಂಚೆ ಕಚೇರಿ ಇಲ್ಲವೇ ಎಂದು ಕೇಳಿದೆ. ತಲೆ ಕೆರೆದುಕೊಂಡ. ನಂಬರೂ ಸೇರಿಸಲಿಲ್ಲ, ಏನೂ ಇಲ್ಲ. ಹೊರಗೆ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಜೇಬಿನಿಂದ, ಅವರ ಊರಿನಲ್ಲೂ ಹಂಚಿದ್ದ ಆಮಂತ್ರಣ ತೆಗೆದ. ನಾಲ್ಕು ಮಡಿಕೆ ಮಾಡಿದ್ದು, ಬೆವರಿಗೆ ಮೆತ್ತಗಾಗಿತ್ತು.

"ಅವ್ವಂಗೆ ಓದಿ ಯೋಳ್ದೆ ಕಣಮ್ಮಿ. ಇನ್ನೊಂದ್ಸಲ ಓದ್ಲಾ ಅಂದ್ಲು. ಇನ್ನೊಂದ್ಸಲ ಓದ್ದೆ. ಹೆತ್ತವ್ವ ಅಂತ್ಲೇ ಬರ್ದವ್ಳೇನ್ಲಾ, ಸರ್ಯಾಗ್ ನೋಡು ಅಂದ್ಲು. ಊಂ ಕಣವ್ವ ಅಂದೆ. ಅತ್ತುಬುಟ್ಲು."

"ಅದಕ್ಕೆ ಯಾಕೆ ಅಳಬೇಕು?" ಅಂದೆ. ನನ್ನ ದನಿ ಗಡುಸಾಗಿಯೇ ಇತ್ತು.

"ನಿಂಗ್ ಗೊತ್ತಿಲ್ವಾ?" ಅಂದ. "ಅವತ್ತು ಅವ್ವ ನಿನ್ನ ಕರ್ಕೊಂಡೋಗಕ್ಕೆ ಬಂದಿದ್ಲಲ್ಲ, ನಾನೂ ಜತೇಲಿದ್ದೆ. ನಾನು ನಿನ್ ಎತ್ತವ್ವ ಕಣವ್ವ, ಬಾ ಅಂತ ಕರುದ್ಲು. ನೀನು ದೊಡ್ಡವ್ವನ ಇಂದೆ ನಿಂತ್ಕೊಂಡು, ನೀನ್ ನನ್ನ ಎತ್ತಿಲ್ಲ ಅಂದ್ಬುಟ್ಟೆ. ದೊಡ್ಡವ್ವ ನಕ್ಬುಟ್ಲು. ಎತ್ತ ಮಗ್ಳ ಬಾಯಲ್ಲೇ ಎತ್ತಿಲ್ಲ ಅಂತ ಅನ್ನಿಸ್ಬುಟ್ಲು ನಮ್ಮಕ್ಕ, ಇನ್ಯಾವ ಮಕ ಮಡಿಕ್ಕೊಂಡು ಓಗ್ಲಿ ಅಂತ ಅವ್ವ ದಾರಿ ಉದ್ದಕ್ಕೂ ಎದೆ ಎದೆ ಬಡ್ಕೊಂಡ್ಲು."

ಮೇಡಂ, ನಿಮಗೆ ಅರ್ಥವಾಯಿತಲ್ಲ? ಇದೇ ಕಥೆಯನ್ನು ಎತ್ತವ್ವ ನನಗೆ ಎಷ್ಟೋ ಸಲ ನಗುನಗುತ್ತ ಹೇಳಿದ್ದಾಳೆ. ನಾನು ಅಂದದ್ದು, ನೀನು ನನ್ನನ್ನು ಎತ್ತಿಕೊಂಡಿಲ್ಲ ಅಂತ. ಸೊಂಟದ ಮೇಲೆ ಕೂರಿಸಿಕೊಂಡಿಲ್ಲ ಅಂತ. ಕಿರಂಗೂರವ್ವನಿಗೆ ಕೇಳಿಸಿದ್ದು, ನೀನು ನನ್ನನ್ನು ಹೆತ್ತಿಲ್ಲ ಅಂತ. ಹಾಸಿಗೆಯಿಂದ ಎದ್ದು, ಬಸ್ಸು ಹತ್ತಿ, ಮಗಳನ್ನು ಕರೆಯಲು ಬಂದವಳು ಆ ಮಾತು ಕೇಳಿ ವಾಪಸು ಹೋದಳು. ನನ್ನನ್ನು ಬೇಡವೆಂದು ಬಿಟ್ಟವಳು ಎಂದು ನಾನು ಇಷ್ಟು ವರ್ಷ ಅವಳ ಮೇಲೆ ಹಲ್ಲು ಮಸೆದಿದ್ದೇನೆ.

ತರಗತಿಯಲ್ಲಿ ನೀವು ನಿಲ್ಲಿಸಿ ಕೇಳುತ್ತಿದ್ದಿರಿ, "ಹಕಾರ ಎಲ್ಲಿ ನುಂಗಿದೆಯೇ?" ಎಂದು. ಎಲ್ಲರೂ ನಗುತ್ತಿದ್ದರು. ನಾನು ನುಂಗದ ಒಂದೇ ಒಂದು ಕಡೆ, ನಾನು ನುಂಗಿದ್ದೇನೆ ಎಂದು ಕಿರಂಗೂರವ್ವ ಅಂದುಕೊಂಡಳು. ನೀವೂ ಹಾಗೇ ಅಂದುಕೊಂಡಿರಿ.

ಹಬ್ಬಕ್ಕೆ ಬರುತ್ತಾಳಂತೆ. ಸೊಸೆಯಿಂದ ಕುಪ್ಪಸ ಹೊಲಿಸಿಕೊಂಡಿದ್ದಾಳಂತೆ. "ಅವ್ಳು ಬಾಯ್ಬುಟ್ಟು ಹೆತ್ತವ್ವ ಅನ್ನೋದ ನಾನು ಕೇಳ್ಬೇಕು" ಅಂದಳಂತೆ. ಈಗ ಹೇಳಿ ಮೇಡಂ, ನಾನು ಏನು ಓದಲಿ? ತಿದ್ದಿದರೆ ಕಿರಂಗೂರವ್ವನಿಗೆ ಎರಡನೇ ಸಲ ಅದೇ ಮಾತು ಹೇಳಿದಂತೆ, ಅದೂ ಮೈಕಿನಲ್ಲಿ. ಬಿಟ್ಟರೆ ನನ್ನನ್ನು ಹೊತ್ತು ಸವೆದ ಸೊಂಟಕ್ಕೆ ನಾನೇ ಒದ್ದಂತೆ.

ಚೈತ್ರ

---

ಶ್ರೀರಂಗಪಟ್ಟಣ
೪ ಜನವರಿ ೨೦೨೫

ಚೈತ್ರ,

ನಿನ್ನ ಕಾಗದ ಓದಿ ಅಂಗಳದಲ್ಲಿ ಅಷ್ಟು ಹೊತ್ತು ಸುಮ್ಮನೆ ಓಡಾಡಿದೆ. ನಮ್ಮ ಮನೆಯವರು ಏನೋ ಕೇಳಿದರು, ಕೇಳಿಸಲಿಲ್ಲ. ಕಾಗದವನ್ನೇ ಅವರ ಕೈಗೆ ಕೊಟ್ಟೆ. ಓದಿ, ಚಾಳೀಸು ತೆಗೆದು ಒರೆಸಿಕೊಂಡರು.

ನನಗೂ ತಿಳಿಯುತ್ತಿಲ್ಲ ಕಣೆ. ಯಾರಿಗೆ ಯಾವ ಪದ ಕೊಡಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ಸಂಚಿಕೆಯ ಪುಟ ನೀನು ಬರೆದಂತೆಯೇ ಅಚ್ಚಾಗಿದೆ, ಎತ್ತವ್ವ ಎಂದೇ, ಕೊನೆಯ ಸಾಲೂ ಸೇರಿ. ಇನ್ನೊಂದು ಸಲ ನಿನ್ನ ಪದ್ಯಕ್ಕೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ಆಮಂತ್ರಣದ ಚೀಟಿಗಳು ಬಂದಿವೆ. ನನ್ನ ಚೀಲದಲ್ಲೇ ಇರುತ್ತವೆ. ಅವತ್ತು ನೀನು ನನ್ನ ಕಡೆ ನೋಡಿ ತಲೆ ಆಡಿಸಿದರೆ ಹಂಚಿಸುತ್ತೇನೆ, ಇಲ್ಲದಿದ್ದರೆ ವಾಪಸು ತಂದು ಒಲೆಗೆ ಹಾಕುತ್ತೇನೆ.

ಇಷ್ಟು ಮಾತ್ರ ಹೇಳಬಲ್ಲೆ. ಮಾದಮ್ಮನವರಿಗೆ ಏನು ಕೇಳಿಸಿತು ಎಂಬುದು ಬೆಟ್ಟಮ್ಮನವರಿಗೆ ಗೊತ್ತೇ? ಅವರಿಗೆ ಹೇಳಿದೆಯಾ?

ಶಾರದ

---

ಕೃಷ್ಣರಾಜಪೇಟೆ
೧೩ ಜನವರಿ ೨೦೨೫

ಮೇಡಂ,

ನನ್ನ ಹೆಸರು ಹೊಡೆದುಹಾಕಿ. ನಾನು ಬರುವುದಿಲ್ಲ.

ಎಳ್ಳು ಹುರಿಯಲು ಕೂತೆ, ಸೀದುಹೋಯಿತು. ಕಚೇರಿಯಲ್ಲಿ ಪಾಂಡವಪುರದ ಕಾಗದಗಳನ್ನು ನಾಗಮಂಗಲದ ಚೀಲಕ್ಕೆ ಹಾಕಿದೆ. ಎತ್ತವ್ವನಿಗೆ ಹೇಳೋಣವೆಂದು ಬಾಯಿ ತೆರೆಯುತ್ತೇನೆ. ಅವಳು ನಕ್ಕದ್ದನ್ನೇ ತಂಗಿ ತಪ್ಪು ತಿಳಿದಳು ಎಂದು ಈ ವಯಸ್ಸಿನಲ್ಲಿ ಹೇಗೆ ಹೇಳಲಿ? ಕೇಳಿದರೆ ಕುಸಿದು ಕೂರುತ್ತಾಳೆ. ಹಬ್ಬಕ್ಕೆ ಬಾ ಎಂದರೆ "ನಾನ್ಯಾಕ್ ಬರ್ಲಿ, ಎತ್ತವ್ವ ಬತ್ತಾಳಂತಲ್ಲ" ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಈಗ ಆ ಪದ ಬಂದರೆ ಯಾರನ್ನು ಕರೆದರು ಎಂದೇ ತಿಳಿಯುವುದಿಲ್ಲ.

ನನ್ನ ಎರಡು ನಿಮಿಷವನ್ನು ಮಹದೇವಸ್ವಾಮಿಯವರಿಗೆ ಕೊಟ್ಟುಬಿಡಿ, ಸಂತೋಷಪಡುತ್ತಾರೆ.

ಚೈತ್ರ

---

ಶ್ರೀರಂಗಪಟ್ಟಣ
೨೧ ಜನವರಿ ೨೦೨೫

ಚೈತ್ರ,

ಬರುವುದಿಲ್ಲ ಎಂದವಳು ಬಂದೆ. ಬಂದವಳು ನನ್ನ ಜೊತೆ ಊಟಕ್ಕೂ ನಿಲ್ಲದೆ ಹೋದೆ. ಆದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ, ಕೇಳಿಸಿದ್ದನ್ನು ನೀನು ಬರೆಯಬೇಕು. ಇಬ್ಬರದ್ದೂ ಸೇರಿದರೆ ಒಂದು ಪೂರ್ತಿ ಸಂಗತಿಯಾದೀತು.

ನಾನು ವೇದಿಕೆಯ ತುದಿಯಲ್ಲಿ, ಸಭೆಗೆ ಮುಖ ಮಾಡಿ ಕೂತಿದ್ದೆ. ಕಿವಿಯ ಯಂತ್ರಕ್ಕೆ ಮೈಕಿನ ಕೀರಲು ತಡೆಯದೆ ತೆಗೆದು ಚೀಲಕ್ಕೆ ಹಾಕಿದ್ದೆ, ಚೀಟಿಗಳ ಪಕ್ಕದಲ್ಲಿ. ಬೆಟ್ಟಮ್ಮನವರು ಗೋಡೆ ಬದಿಯಲ್ಲಿ, ತೊಡೆಯ ಮೇಲೆ ಮಗು. ಗುರುತು ಹಿಡಿಯಲು ಯಾರೂ ಹೇಳಬೇಕಾಗಿರಲಿಲ್ಲ, ಅವರು ಕೂರುವಾಗಲೂ ಒಂದು ಕಡೆಗೆ ವಾಲುತ್ತಾರೆ. ಆ ಕಡೆ ಸಾಲಿನಲ್ಲಿ, ಹಸಿರು ಕುಪ್ಪಸದವರು ಮಾದಮ್ಮ ಇರಬೇಕು. ಪಕ್ಕದಲ್ಲಿ ನಿನ್ನ ಮೂಗನ್ನೇ ಇಟ್ಟುಕೊಂಡ ಗಂಡಸು. ಮೊದಲು ನೋಡಿದಾಗ ಬೆಟ್ಟಮ್ಮನವರು ಅವರ ಕಡೆಗೇ ನೋಡುತ್ತಿದ್ದರು, ಮಾದಮ್ಮನವರು ಸೀಲಿಂಗು ನೋಡುತ್ತಿದ್ದರು.

ಮಹದೇವಸ್ವಾಮಿಯವರು ನಿನ್ನನ್ನು ಕರೆದರು. ಕೈಯಲ್ಲಿ ಆಮಂತ್ರಣವೇ ಇತ್ತು, ಅದನ್ನೇ ಓದಿರುತ್ತಾರೆ. ನೀನು ಮೈಕಿನ ಮುಂದೆ ನಿಂತು ನನ್ನ ಕಡೆ ನೋಡಿದೆ. ನಾನು ಚೀಲಕ್ಕೆ ಕೈ ಹಾಕಿದೆ. ನೀನು ತಲೆ ಆಡಿಸಲಿಲ್ಲ. ಕಾಗದಕ್ಕೆ ತಲೆ ತಗ್ಗಿಸಿ ಓದಲು ಶುರುಮಾಡಿದೆ.

ನಿನ್ನ ತುಟಿಯನ್ನೇ ನೋಡುತ್ತಿದ್ದೆ. ಇಷ್ಟು ವರ್ಷದಲ್ಲಿ ತುಟಿ ಓದುವುದನ್ನು ಚೆನ್ನಾಗಿ ಕಲಿತಿದ್ದೇನೆ. ಆದರೆ ಹಕಾರ ತುಟಿಯ ಮೇಲೆ ಕಾಣುವುದಿಲ್ಲ ಕಣೆ. ಹೆತ್ತವ್ವ ಎಂದರೂ ಎತ್ತವ್ವ ಎಂದರೂ ಬಾಯಿ ಒಂದೇ ಥರ ತೆರೆಯುತ್ತದೆ. ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ಕೂರಿಸಿದ ಅಕ್ಷರ, ಬೇಕಾದ ಹೊತ್ತಿಗೆ ಕಣ್ಣಿಗೆ ಬೀಳಲಿಲ್ಲ. ಮಾದಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು. ಬೆಟ್ಟಮ್ಮನವರೂ ಒತ್ತಿಕೊಂಡರು. ಇಬ್ಬರೂ ಒಂದೇ ಥರ, ಎಡಗೈಯಲ್ಲಿ. ಅಕ್ಕತಂಗಿಯರೇ ಸರಿ.

ಆಮೇಲೆ ನಡೆದದ್ದು ನನಗೆ ತಿಳಿಯಲಿಲ್ಲ. ನೀನು ಇನ್ನೂ ಓದುತ್ತಿರುವಾಗಲೇ ಬೆಟ್ಟಮ್ಮನವರು ಎದ್ದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ನಡುವಿನ ದಾರಿ ದಾಟಿ, ಮಾದಮ್ಮನವರ ಮುಂದೆ ಹೋಗಿ ನಿಂತರು. ಏನೋ ಒಂದು ಮಾತು ಅಂದರು. ಗಟ್ಟಿಯಾಗಿಯೇ ಅಂದಿರಬೇಕು, ಸಭೆಯೆಲ್ಲ ತಿರುಗಿತು, ಕೆಲವರು ನಕ್ಕರು. ನೀನು ತಲೆ ಎತ್ತಿದೆ. ಕೊನೆಯ ಸಾಲಿಗೆ ನಿನ್ನ ತುಟಿ ಆಡಲೇ ಇಲ್ಲ. ಬಾಯಿ ತೆರೆದುಕೊಂಡೇ ನಿಂತು, ಕಾಗದ ಮಡಿಚಿ ಇಳಿದುಬಿಟ್ಟೆ.

ನಮ್ಮ ಮನೆಯವರನ್ನು ಕೇಳೋಣವೆಂದರೆ ಅವರು ಆಗಲೇ ಊಟದ ಸಾಲಿನಲ್ಲಿದ್ದರು. ಮಹದೇವಸ್ವಾಮಿಯವರನ್ನು ಕೇಳಿದರೆ "ಯಾರೋ ಗಲಾಟೆ ಮಾಡಿದ್ರು ಮೇಡಂ" ಎಂದು ಬರೆದು ತೋರಿಸಿದರು. ನನಗೆ ಅದು ಗಲಾಟೆಯ ಹಾಗೆ ಕಾಣಲಿಲ್ಲ.

ಯಾವುದನ್ನು ಓದಿದೆ? ಅವರು ಏನು ಅಂದರು? ಕೂಡಲೇ ಬರೆ. ಎರಡು ದಿನದಿಂದ ಚಡಪಡಿಸುತ್ತಿದ್ದೇನೆ.

ಶಾರದ

---

ಕೃಷ್ಣರಾಜಪೇಟೆ
೨೫ ಜನವರಿ ೨೦೨೫

ಮೇಡಂ,

ಊಟಕ್ಕೆ ನಿಲ್ಲಲಿಲ್ಲ, ಬೈಯಬೇಡಿ. ಅಕ್ಕತಂಗಿಯರಿಬ್ಬರನ್ನೂ ತಿಮ್ಮರಾಜು ಕಿರಂಗೂರಿಗೆ ಎಳೆದುಕೊಂಡು ಹೊರಟಿದ್ದ. ಅಕ್ಷಿತಾ ಅವರ ಹತ್ತಿರವೇ ಇದ್ದಳು.

ಹಬ್ಬದ ಹಿಂದಿನ ಸಂಜೆ ಎತ್ತವ್ವನಿಗೆ ಎಲ್ಲ ಹೇಳಿಬಿಟ್ಟೆ. ಎಷ್ಟು ದಿನ ಹೀಗೆ ಎಳ್ಳು ಸೀಯಿಸುವುದು? ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಯ್ಯೋ ಸಿವ್ನೆ, ಅಂಗ್ ತಿಳ್ಕೊಂಡ್ಲಾ? ನಾನು ಕೂಸಿನ ಮಾತ್ಗೆ ನಕ್ಕಿದ್ದು ಕಣಮ್ಮಿ, ಅವ್ಳ ನೋಡಿ ನಗ್ನಿಲ್ಲ" ಅಂದಳು. ತಂಗಿಗೆ ಸೊಕ್ಕು, ಅದಕ್ಕೇ ಮತ್ತೆ ಬರಲಿಲ್ಲ ಎಂದು ಇವಳೂ ಸಿಟ್ಟು ಸಾಕಿಕೊಂಡಿದ್ದಳಂತೆ. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಬೆಳಿಗ್ಗೆ ನೋಡಿದರೆ ನನಗಿಂತ ಮುಂಚೆ ಸೀರೆ ಉಟ್ಟು ಜಗುಲಿಯ ಮೇಲೆ ಕೂತಿದ್ದಾಳೆ. "ಏಳಮ್ಮಿ, ಬಸ್ಸು ಒಂಟೋಯ್ತದೆ" ಅಂದಳು.

ನಾನು ಓದಿದ್ದು ಎತ್ತವ್ವ ಎಂದೇ. ಮೈಕಿನ ಮುಂದೆ ನಿಲ್ಲುವವರೆಗೂ ಗೊತ್ತಿರಲಿಲ್ಲ. ನಿಂತಮೇಲೆ ನಮ್ಮ ಕಡೆಯ ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಬಂತು. ಯಾರಿಗೆ ಯಾವುದು ಬೇಕೋ ಅದನ್ನು ತೆಗೆದುಕೊಳ್ಳಲಿ ಅನ್ನಿಸಿತು. ಇಬ್ಬರೂ ತೆಗೆದುಕೊಂಡರು ಎಂದು ನಿಮ್ಮ ಕಾಗದದಿಂದ ತಿಳಿಯಿತು, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ.

ಕೊನೆಯ ಸಾಲು ಓದಬೇಕೋ ಬಿಡಬೇಕೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಎತ್ತವ್ವನ ದನಿ ಕೇಳಿಸಿತು. ತಲೆ ಎತ್ತಿದೆ. ಕಿರಂಗೂರವ್ವ ಗಾಬರಿಯಲ್ಲಿ ಎದ್ದು ನಿಂತಿದ್ದಳು, ಅಕ್ಷಿತಾ ಅವಳ ಸೊಂಟಕ್ಕೆ ಆಗಲೇ ಕಾಲು ಹಾಕಿದ್ದಳು. ಎತ್ತಿಕೊಳ್ಳುವುದು ಹೇಗೆಂದು ಗೊತ್ತಿಲ್ಲದವಳ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ತಬ್ಬಿಕೊಂಡಿದ್ದಳು. ಇನ್ನು ಆ ಸಾಲು ಸುಳ್ಳು. ಅದಕ್ಕೇ ಇಳಿದುಬಿಟ್ಟೆ. ಸಂಚಿಕೆಯಲ್ಲಿ ಅದು ಹಾಗೇ ಇದೆ ಎಂದು ಆಮೇಲೆ ನೆನಪಾಯಿತು. ತಿಮ್ಮರಾಜು ಅದನ್ನು ಅವಳಿಗೆ ಓದಿ ಹೇಳಿದನಂತೆ, ಕೊನೆಯ ಸಾಲಿನ ಹತ್ತಿರ ಬಂದಾಗ ಕೆಮ್ಮು ಬಂತಂತೆ. ನಮ್ಮಣ್ಣ ದಡ್ಡನಲ್ಲ ಮೇಡಂ.

ಎತ್ತವ್ವ ಅಂದದ್ದು ಇಷ್ಟೇ: "ಎತ್ಕೊಳ್ಳೇ ಮಾದಿ."

ಅದರಲ್ಲಿ ಹಕಾರ ಇಲ್ಲ. ತಿದ್ದಬೇಡಿ.

ನಿಮ್ಮ
ಚೈತ್ರ